ಮಗುವಿನ ಕಾಲು ಬಿಗಿಯುವುದೇಕೆ ಎಂದು ಹುಡುಕಿದ ಡಾ. ಲಿಟಲ್

ವಿಲಿಯಂ ಜಾನ್ ಲಿಟಲ್ 1810ರ ಆಗಸ್ಟ್ 7ರಂದು ಲಂಡನ್ನಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ ಅವರ ಎಡಪಾದ ಒಳಕ್ಕೆ ತಿರುಚಿಕೊಂಡಿತು. ಶಾಲೆಯಲ್ಲಿ ಜೊತೆಗಾರರ ಗೇಲಿಯನ್ನೂ ಕೇಳಬೇಕಾಯಿತು. ತನ್ನ ಕಾಲಿಗೆ ಮದ್ದು ಹುಡುಕಲೆಂದೇ ಆ ಹುಡುಗ ವೈದ್ಯಕೀಯ ಓದಿದ ಎಂದರೆ ತಪ್ಪಾಗಲಾರದು.

1828ರಲ್ಲಿ ಅವರು ಲಂಡನ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಕತ್ತರಿಸಿದರೆ ಪಾದ ನೇರವಾಗಬಹುದೆಂದು ಆಗಲೇ ಗೊತ್ತಿತ್ತು. ಆದರೆ ಗಾಯ ಕೀವಾಗುವ ಭಯದಿಂದ ವೈದ್ಯರು ಹಿಂಜರಿಯುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ಡಾ. ಸ್ಟ್ರೋಮೆಯರ್ ಎಂಬುವರು ಚರ್ಮಕ್ಕೆ ಚಿಕ್ಕ ತೂತು ಮಾತ್ರ ಮಾಡಿ ಒಳಗಿನಿಂದಲೇ ಕತ್ತರಿಸುವ ವಿಧಾನ ಕಂಡುಕೊಂಡಿದ್ದರು. 1836ರಲ್ಲಿ ಲಿಟಲ್ ಅಲ್ಲಿಗೇ ಹೋಗಿ ತಮ್ಮ ಕಾಲನ್ನು ಒಪ್ಪಿಸಿದರು. ಅರಿವಳಿಕೆ ಇನ್ನೂ ಬಂದಿರದ ಕಾಲ ಅದು! ಪಾದ ಸರಿಹೋಯಿತು. ಮರುವರ್ಷವೇ ಆ ಶಸ್ತ್ರಚಿಕಿತ್ಸೆಯನ್ನು ಲಂಡನ್ನಿನಲ್ಲಿ ತಾವೇ ಮಾಡಿದರು. ಅವರ ಪ್ರಯತ್ನದಿಂದ ಶುರುವಾದ ಸಂಸ್ಥೆಯೇ ಮುಂದೆ ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆಯಾಯಿತು. ಒಬ್ಬ ಮಗನಿಗೆ ಸ್ಟ್ರೋಮೆಯರ್ ಅವರ ಹೆಸರನ್ನೇ ಸೇರಿಸಿಟ್ಟು ಋಣ ನೆನೆದರು.

ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರ ತೊಂದರೆ ಪೋಲಿಯೊದಂತೆ ಇರಲಿಲ್ಲ. ಪೋಲಿಯೊದಲ್ಲಿ ಕಾಲು ಸಡಿಲವಾಗಿ ಸೊರಗುತ್ತದೆ. ಈ ಮಕ್ಕಳ ಕಾಲುಗಳು ಬಿಗಿದು, ಕತ್ತರಿಯಂತೆ ಒಂದರ ಮೇಲೊಂದು ಸೇರುತ್ತಿದ್ದವು. ಲಿಟಲ್ ತಾಯಂದಿರನ್ನು ವಿಚಾರಿಸತೊಡಗಿದರು: ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತೇ, ಹೆರಿಗೆ ಕಷ್ಟವಾಯಿತೇ, ಉಸಿರಾಡಲು ತಡವಾಯಿತೇ ಎಂದು. ಹಲವು ವರ್ಷ ಕಲೆಹಾಕಿದ ಈ ವಿವರಗಳನ್ನು 1861ರ ಅಕ್ಟೋಬರಿನಲ್ಲಿ ಲಂಡನ್ನಿನ ಹೆರಿಗೆ ತಜ್ಞರ ಸಂಘದ ಮುಂದಿಟ್ಟರು. ಕಾಲಿನ ದೋಷಕ್ಕೆ ಮೂಲ ಕಾಲಿನಲ್ಲಿಲ್ಲ, ಹುಟ್ಟಿನ ವೇಳೆ ಪೆಟ್ಟಾದ ಮೆದುಳು ಮತ್ತು ನರಮಂಡಲದಲ್ಲಿದೆ ಎಂಬುದು ಅವರ ವಾದ. ಬಹುಕಾಲ ಇದನ್ನು 'ಲಿಟಲ್ ಕಾಯಿಲೆ' ಎಂದೇ ಕರೆದರು. ಇಂದು ನಾವು ಹೇಳುವುದು ಸೆರೆಬ್ರಲ್ ಪಾಲ್ಸಿ.

ಮನಶ್ಶಾಸ್ತ್ರದಿಂದ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಮೊದಲು ನರರೋಗ ವೈದ್ಯರಾಗಿದ್ದರು. 1897ರಲ್ಲಿ ಅವರು ಬೇರೊಂದು ಮಾತು ಸೇರಿಸಿದರು. ಗರ್ಭದಲ್ಲೇ ಮಗುವಿಗೆ ಆಗಿದ್ದ ತೊಂದರೆಯಿಂದಲೇ ಹೆರಿಗೆ ಕಷ್ಟವಾಗಿರಬಹುದು ಎಂದು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹೆರಿಗೆ ಸಮಯದಲ್ಲಿ ಆಮ್ಲಜನಕ ಕಡಿಮೆಯಾಗುವುದು ಒಂದು ಕಾರಣ ಮಾತ್ರ. 37 ವಾರಕ್ಕೆ ಮುಂಚಿನ ಹೆರಿಗೆ, ಕಡಿಮೆ ತೂಕ, ಅವಳಿ ಮಕ್ಕಳು, ಬಸುರಿಯಲ್ಲಿ ರುಬೆಲ್ಲಾದಂಥ ಸೋಂಕು, ತಾಯಿ-ಮಗುವಿನ ಆರ್‌ಎಚ್ ರಕ್ತ ಹೊಂದದಿರುವುದು, ಕೆಲವು ಆನುವಂಶಿಕ ದೋಷಗಳು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹುಟ್ಟಿದ ಮೇಲೆ ತೀವ್ರ ಕಾಮಾಲೆಯಾಗಲಿ ಮೆದುಳುಜ್ವರವಾಗಲಿ ಬಂದರೂ ಹೀಗಾಗಬಹುದು. ಎಷ್ಟೋ ಮಕ್ಕಳಲ್ಲಿ ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ.

ನಾನು ಲಿಟಲ್ ಅವರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಳೇಬೀಡಿನ ಕಡೆಯ ನಮ್ಮ ಖಾಲಾ ಅವರ ಮಗ ಏಳನೇ ತಿಂಗಳಲ್ಲೇ ಹುಟ್ಟಿದವನು. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಗ್ರಹಣದ ದಿನ ಹೊರಗೆ ಬಂದಳು, ನಜರ್ ತಗುಲಿತು ಎಂದು ನೆಂಟರು, ನೆರೆಹೊರೆಯವರು ಖಾಲಾ ಅವರನ್ನೇ ದೂರಿದರು. ಅವರೂ ಅದನ್ನು ನಂಬಿ ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಮೆದುಳಿನ ರಕ್ತನಾಳಗಳು ಬಹಳ ನಾಜೂಕು, ಇದರಲ್ಲಿ ನಿಮ್ಮ ತಪ್ಪೇನಿಲ್ಲ ಎಂದು ನಾನು ಓದಿದ್ದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, ಇದನ್ನು ನಿಮ್ಮ ಖಾಲೂಗೂ ಒಂದು ಸಲ ಹೇಳು ಎಂದರು.

ಅರಸೀಕೆರೆ, ಬೇಲೂರು ಸೀಮೆಯ ಹಳ್ಳಿಗಳಿಂದ ಬರುವ ನಾವು ಮನೆಯಲ್ಲಿ ಹೇಳಬಹುದಾದ ಮಾತುಗಳಿವೆ. ಬಸುರಿಯರು ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಲಿ, ರಕ್ತದ ಗುಂಪು ತಿಳಿದಿರಲಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದರೆ ತಡಮಾಡದೆ 108ಕ್ಕೆ ಕರೆಮಾಡಲಿ. ಎಳೆಗೂಸಿನ ಮೈ-ಕಣ್ಣು ಹಳದಿಯಾದರೆ ನಾಟಿ ಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಲಿ. ಕತ್ತು ನಿಲ್ಲುವುದು, ಕೂರುವುದು ತಡವಾದರೆ ಬೇಗ ಪರೀಕ್ಷೆ ಮಾಡಿಸಿದಷ್ಟೂ ಫಿಸಿಯೋಥೆರಪಿಯಿಂದ ಹೆಚ್ಚು ಪ್ರಯೋಜನ. ಈ ಮಕ್ಕಳಲ್ಲಿ ಅನೇಕರ ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಸೇರಿದೆ; ಶಾಲೆ ಅವರ ಹಕ್ಕು.

ಲಿಟಲ್ 1894ರ ಜುಲೈನಲ್ಲಿ ತೀರಿಕೊಂಡರು. ಅವರು ಹೇಳಿದ್ದರಲ್ಲಿ ಎಲ್ಲವೂ ಉಳಿಯಲಿಲ್ಲ. ಆದರೆ ತಾಯಿಯನ್ನು ದೂರುವ ಬದಲು ಅವಳ ಮಾತನ್ನು ಕೇಳಿ, ಬರೆದುಕೊಂಡು, ಕಾರಣ ಹುಡುಕುವ ದಾರಿಯನ್ನು ಅವರು ತೋರಿಸಿದರು. ವಿಜ್ಞಾನ ಓದುವ ನಮಗೆ ಅಷ್ಟು ಸಾಕು.