ಗಾಳಿಯ ಭಾರ ಅಳೆದ ಟೊರಿಸೆಲ್ಲಿ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿದೆ, ಮಳೆಯಾಗಲಿದೆ ಎಂಬ ಸುದ್ದಿಯನ್ನು ನೀವು ಎಷ್ಟೋ ಬಾರಿ ಕೇಳಿದ್ದೀರಿ. ಕಣ್ಣಿಗೆ ಕಾಣದ ಗಾಳಿಗೂ ಭಾರವಿದೆ, ಅದನ್ನು ಅಳೆಯಬಹುದು ಎಂದು ತೋರಿಸಿಕೊಟ್ಟವರು ಯಾರು ಗೊತ್ತೇ? ಇಟಲಿಯ ಇವಾಂಜೆಲಿಸ್ಟಾ ಟೊರಿಸೆಲ್ಲಿ.

1608ರಲ್ಲಿ ಹುಟ್ಟಿದ ಟೊರಿಸೆಲ್ಲಿಯ ತಂದೆ ಬಟ್ಟೆ ಕಸುಬಿನವರು, ಸ್ಥಿತಿವಂತರಲ್ಲ. ಸನ್ಯಾಸಿಯಾಗಿದ್ದ ಬಂಧುವೊಬ್ಬರು ಹುಡುಗನ ಬುದ್ಧಿಯನ್ನು ಗುರುತಿಸಿ ವಿದ್ಯೆಯ ಹೊಣೆ ಹೊತ್ತರು. ಮುಂದೆ ರೋಮಿನಲ್ಲಿ, ಗೆಲಿಲಿಯೋನ ಶಿಷ್ಯನಾಗಿದ್ದ ಕ್ಯಾಸ್ಟೆಲ್ಲಿಯ ಬಳಿ ಗಣಿತ ಕಲಿತ. 1641ರ ಅಕ್ಟೋಬರಿನಲ್ಲಿ ಫ್ಲಾರೆನ್ಸ್ ಬಳಿ ಗೃಹಬಂಧನದಲ್ಲಿದ್ದ ಗೆಲಿಲಿಯೋನ ಮನೆ ಸೇರಿದ. ದೃಷ್ಟಿ ಕಳೆದುಕೊಂಡಿದ್ದ ವೃದ್ಧ ಗುರು ಹೇಳಿದ್ದನ್ನು ಬರೆದುಕೊಂಡ. ಈ ಸಹವಾಸ ಸುಮಾರು ಮೂರೇ ತಿಂಗಳು. 1642ರ ಜನವರಿಯಲ್ಲಿ ಗೆಲಿಲಿಯೋ ತೀರಿಕೊಂಡಾಗ ಅವನ ಸ್ಥಾನಕ್ಕೆ ಟೊರಿಸೆಲ್ಲಿ ಆಸ್ಥಾನ ಗಣಿತಜ್ಞನಾದ.

ಆ ಕಾಲದ ಒಂದು ಒಗಟನ್ನು ಗಮನಿಸಿ. ಹೀರು ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎತ್ತುತ್ತಿರಲಿಲ್ಲ. ಹಗ್ಗ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಗೆಲಿಲಿಯೋ ಭಾವಿಸಿದ್ದ. ಟೊರಿಸೆಲ್ಲಿ ಬೇರೆಯಾಗಿ ಯೋಚಿಸಿದ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುವುದಾದರೆ, ನೀರಿಗಿಂತ 13.6 ಪಟ್ಟು ಭಾರವಾದ ಪಾದರಸ ಅಷ್ಟೇ ಪಟ್ಟು ಕಡಿಮೆ ಎತ್ತರ ಏರಬೇಕಲ್ಲವೇ?

ಗೆಳೆಯ ವಿವಿಯಾನಿಯ ನೆರವಿನಿಂದ ಪ್ರಯೋಗ ನಡೆಯಿತು. ಒಂದು ತುದಿ ಮುಚ್ಚಿದ ಉದ್ದನೆಯ ಗಾಜಿನ ಕೊಳವೆಗೆ ಪಾದರಸ ತುಂಬಿ, ಬಾಯನ್ನು ಬೆರಳಿನಿಂದ ಮುಚ್ಚಿ, ಪಾದರಸದ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿದರು. ಪಾದರಸ ಸ್ವಲ್ಪ ಇಳಿದು ಸುಮಾರು 76 ಸೆಂಟಿಮೀಟರಿನಲ್ಲಿ ನಿಂತಿತು. ಮೇಲೆ ಉಳಿದದ್ದು ನಿರ್ವಾತ. 1644ರ ಜೂನಿನಲ್ಲಿ ಗೆಳೆಯ ರಿಚ್ಚಿಗೆ ಬರೆದ ಪತ್ರದಲ್ಲಿ ಟೊರಿಸೆಲ್ಲಿ, ತನ್ನ ಗುರಿ ಬರೀ ನಿರ್ವಾತವಲ್ಲ, ಗಾಳಿ ಒಮ್ಮೆ ಭಾರವಾಗಿ ಒಮ್ಮೆ ಹಗುರವಾಗಿ ಬದಲಾಗುವುದನ್ನು ತೋರಿಸುವ ಉಪಕರಣ ಎಂದು ತಿಳಿಸಿದ. ಅದೇ ಇಂದಿನ ವಾಯುಭಾರಮಾಪಕ.

ಗಾಳಿ ಬೀಸುವುದೇಕೆ ಎಂಬುದಕ್ಕೂ ಅವನು ಉತ್ತರ ಕೊಟ್ಟ. ಭೂಮಿಯಿಂದೇಳುವ ಆವಿಯೇ ಗಾಳಿಗೆ ಕಾರಣ ಎಂಬುದು ಹಳೆಯ ನಂಬಿಕೆ. ಎರಡು ಪ್ರದೇಶಗಳ ತಾಪ ಬೇರೆಯಾದಾಗ ಗಾಳಿಯ ಸಾಂದ್ರತೆಯೂ ಬೇರೆಯಾಗುತ್ತದೆ, ಆ ವ್ಯತ್ಯಾಸದಿಂದಲೇ ಗಾಳಿ ಬೀಸುತ್ತದೆ ಎಂದು ಅವನು ವಿವರಿಸಿದ.

ಆದರೆ 1647ರ ಅಕ್ಟೋಬರಿನಲ್ಲಿ, ಕೇವಲ 39ರ ವಯಸ್ಸಿನಲ್ಲಿ, ಟೊರಿಸೆಲ್ಲಿ ಕಾಯಿಲೆಯಿಂದ ತೀರಿಕೊಂಡ. ಒಂದು ವರ್ಷವೂ ತುಂಬುವ ಮೊದಲೇ, 1648ರ ಸೆಪ್ಟೆಂಬರ್ 19ರಂದು, ಫ್ರಾನ್ಸಿನ ಪಾಸ್ಕಲ್‌ನ ಕೋರಿಕೆಯಂತೆ ಅವನ ಭಾವ ಪೆರಿಯೆ ಪಾದರಸದ ಕೊಳವೆಯೊಂದಿಗೆ ಪುಯ್ ದ ದೋಮ್ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರಿನಷ್ಟು ತಗ್ಗಿತ್ತು. ಮೇಲೇರಿದಂತೆ ಗಾಳಿಯ ಭಾರ ಕಡಿಮೆಯಾಗುತ್ತದೆ ಎಂಬುದು ಸಾಬೀತಾಯಿತು. ಅದನ್ನು ಕಾಣಲು ಟೊರಿಸೆಲ್ಲಿ ಇರಲಿಲ್ಲ. ಒತ್ತಡದ ಒಂದು ಮಾನಕ್ಕೆ ಟಾರ್ ಎಂಬ ಹೆಸರಿಟ್ಟು ಜಗತ್ತು ಅವನನ್ನು ನೆನೆಯುತ್ತಿದೆ.

ವಿದ್ಯಾರ್ಥಿಗಳೇ, ಟೊರಿಸೆಲ್ಲಿ ಗುರುವಿನ ಸೇವೆ ಮಾಡಿದ, ಗುರುವಿನ ತಪ್ಪನ್ನೂ ತಿದ್ದಿದ. ಇವೆರಡರಲ್ಲಿ ವಿರೋಧವಿಲ್ಲ. ನಿಮಗೆ ಕಲಿಸಿದವರು ನಿಂತ ಜಾಗದಿಂದ ಒಂದು ಹೆಜ್ಜೆ ಮುಂದಿಡುವುದೇ ನೀವು ಅವರಿಗೆ ಸಲ್ಲಿಸುವ ನಿಜವಾದ ಗೌರವ.