ಹಳಿಯಿಲ್ಲದ ತಾಲೂಕಿನ ಪ್ರತಿನಿಧಿ: ದಿವಂಗತ ಎಸ್. ಆರ್. ಕಂಠಿಯವರು

ಹೊಟಗಿಯಿಂದ ಗದಗಿನವರೆಗಿನ ರೇಲ್ವೆ ದಾರಿ 1884ರಲ್ಲಿ ತೆರೆದಾಗ ಅಂದಿನ ವಿಜಾಪುರ ಜಿಲ್ಲೆಯ ಊರುಗಳಿಗೆ ಹೊಸದೊಂದು ಶ್ರೇಣಿ ಬಂದಿತು. ಹಳಿಯ ಮೇಲಿನ ಊರುಗಳು ಒಂದು, ಹಳಿಯಿಂದ ದೂರದ ಊರುಗಳು ಇನ್ನೊಂದು. 1876-78ರ ಬರದಲ್ಲಿ ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. ದಕ್ಷಿಣ ಮರಾಠಾ ರೇಲ್ವೆ ಕಂಪನಿಯ ಆ ಮೀಟರ್‌ಗೇಜ್ ಹಳಿ ವಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿಕೊಂಡು ಗದಗಿಗೆ ಇಳಿಯಿತು. ಅಲ್ಲಿಯವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯನ್ನು ಅದು ಮುಟ್ಟಲಿಲ್ಲ. 1885ರಲ್ಲಿ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಹೋದವು. ಜಿಲ್ಲೆಯ ಹೆಸರೂ ಅವುಗಳ ಜೊತೆಗೇ ಹೋಯಿತು. ರೇಲ್ವೆ ಬಾರದಿದ್ದರೆ ಒಂದು ಊರಿಗೆ ಏನಾಗಬಹುದೆಂಬುದಕ್ಕೆ ಈ ಸೀಮೆಯವರು ಬೇರೆ ಉದಾಹರಣೆ ಹುಡುಕಬೇಕಾಗಿರಲಿಲ್ಲ.

ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು 1908ರ ಡಿಸೆಂಬರ 21ರಂದು ಹುಟ್ಟಿದ್ದು ಬಾದಾಮಿ ತಾಲೂಕಿನ ಕೆರೂರಿನಲ್ಲಿ. ಬಾದಾಮಿಗೆ ಸ್ಟೇಶನ್ ಇತ್ತು, ಕೆರೂರಿಗೆ ಇರಲಿಲ್ಲ. ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯೇ ಕೆರೂರಿನ ಜೀವನಾಡಿ. ಕಾನೂನು ಓದಿ ವಕೀಲರಾದ ಕಂಠಿಯವರು ಕಾಂಗ್ರೆಸ್ಸಿನ ಮೂಲಕ ಸ್ವಾತಂತ್ರ್ಯ ಚಳುವಳಿಗೆ, ಅಲ್ಲಿಂದ ಸಾರ್ವಜನಿಕ ಜೀವನಕ್ಕೆ ಬಂದರು. ಮುಂದೆ ಅವರನ್ನು ಆರಿಸಿ ಕಳಿಸಿದ ಹುನಗುಂದ ತಾಲೂಕಿನಲ್ಲಂತೂ ಒಂದು ಗಜ ಹಳಿಯೂ ಇರಲಿಲ್ಲ. ರಸ್ತೆಯ ಊರಿನಲ್ಲಿ ಹುಟ್ಟಿ ರಸ್ತೆಯ ತಾಲೂಕಿಗೆ ಪ್ರತಿನಿಧಿಯಾದ ಈ ಹಿರಿಯರ ಜೀವನವನ್ನು ಬರೆಯುವವರು ಸಾಮಾನ್ಯವಾಗಿ 1962ರ ಅಧಿಕಾರ ತ್ಯಾಗವೊಂದನ್ನೇ ಎತ್ತಿ ಹೇಳುತ್ತಾರೆ. ಅದು ದೊಡ್ಡದೇ ಸರಿ. ಆದರೆ ಅದನ್ನು ತಿಳಿಯಲು ಅವರ ಮತದಾರರು ಯಾವ ದಾರಿಯಲ್ಲಿ ನಡೆದು ಬದುಕಿದರೆಂಬುದನ್ನೂ ನೋಡಬೇಕಾಗುತ್ತದೆ.

ಇಳಕಲ್ಲ ಅಂದು ಈ ತಾಲೂಕಿನ ನೇಕಾರರ ಊರಾಗಿತ್ತು. ಅಲ್ಲಿಯ ಸೀರೆಯ ಒಡಲಿಗೆ ನೂಲು, ಸೆರಗಿಗೆ ರೇಶ್ಮೆ ಹೊರಗಿನಿಂದ ಬರಬೇಕು. ಕೊಂಡಿ ಹಾಕಿ ನೇಯ್ದ ಸೀರೆ ಹೊರಗೆ ಹೋಗಬೇಕು. ಬಾಗಲಕೋಟೆಯ ಸ್ಟೇಶನ್ನಿಗೆ ಮೂವತ್ತು ಮೈಲಿಗೂ ಮಿಕ್ಕ ದಾರಿ. ಚಕ್ಕಡಿಯ ಕಾಲದಲ್ಲಿ ಅದು ಎರಡು ದಿನದ ಮಾತು. ಕೃಷ್ಣಾ ಮಲಪ್ರಭೆಗಳ ಕೂಡಲಸಂಗಮವೂ, ಐಹೊಳೆಯ ಗುಡಿಗಳೂ ಇದೇ ಹುನಗುಂದ ತಾಲೂಕಿನವು. ಅಲ್ಲಿಗೆ ಹೊರಟ ಯಾತ್ರಿಕನಿಗೂ ಇದೇ ದಾರಿ. ಹಳಿಯ ಮೇಲಿನ ಊರುಗಳ ಸ್ಥಿತಿಯೂ ಪೂರ್ಣ ಸುಖದ್ದಾಗಿರಲಿಲ್ಲವೆಂಬುದನ್ನು ಮರೆಯಬಾರದು. ಬಾದಾಮಿಯ ಸ್ಟೇಶನ್ನು ಊರಿನಿಂದ ಸುಮಾರು ಮೂರು ಮೈಲಿ. ಟಾಂಗಾ ಹಿಡಿಯದೆ ಊರು ಸೇರುವಂತಿಲ್ಲ. ಖಣದ ಊರಾದ ಗುಳೇದಗುಡ್ಡಕ್ಕೆ ದೊರೆತ ಸ್ಟೇಶನ್ನಿನ ಹೆಸರೇ ಗುಳೇದಗುಡ್ಡ ರೋಡ್. ಊರು ಇನ್ನೂ ದೂರವಿದೆ, ಮುಂದಿನದು ನಿಮ್ಮ ಕಾಲಿಗೆ ಬಿಟ್ಟದ್ದೆಂದು ಆ ಹೆಸರು ತಾನೇ ಒಪ್ಪಿಕೊಳ್ಳುತ್ತದೆ.

ಇಂಥ ಸೀಮೆಗೆ ಮೋಟಾರು ಬಂದಾಗ ಜನ ಅದನ್ನು ಕಣ್ಣಿಗೊತ್ತಿಕೊಂಡು ಸ್ವಾಗತಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆ ಬಾಗಿಲಲ್ಲಿ ಹತ್ತಿ ಪೇಟೆಯ ನಡುವೆ ಇಳಿಯುವ ವಾಹನ ಅದು. ಆದರೆ ರೇಲ್ವೆ ಕಂಪನಿಗಳಿಗೆ ಅದು ಹೊಟ್ಟೆಯ ಮೇಲಿನ ಹೊಡೆತವಾಯಿತು. 1930ರ ಸುಮಾರಿಗೆ ಜಗತ್ತಿನಾದ್ಯಂತ ವ್ಯಾಪಾರ ಕುಸಿದು ರೇಲ್ವೆಯ ಗಳಿಕೆ ಇಳಿದಿತ್ತು. ಅದೇ ಹೊತ್ತಿಗೆ ಹಳಿಗೆ ಸಮಾನಾಂತರವಾದ ರಸ್ತೆಗಳಲ್ಲಿ ಬಸ್ಸುಗಳು ಪ್ರಯಾಣಿಕರನ್ನು ಎಳೆದುಕೊಳ್ಳತೊಡಗಿದ್ದವು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಭಾರತ ಸರಕಾರದ ಪರವಾಗಿ ವಿಚಾರಣೆ ನಡೆಸಿ, ಮೋಟಾರು ಸ್ಪರ್ಧೆಯಿಂದ ರೇಲ್ವೆಗಳಿಗೆ ವರ್ಷಕ್ಕೆ ಸುಮಾರು 190 ಲಕ್ಷ ರೂಪಾಯಿ ನಷ್ಟವೆಂದು ಅಂದಾಜು ಮಾಡಿದರು. 1933ರಲ್ಲಿ ಸಿಮ್ಲಾದಲ್ಲಿ ರೇಲ್ವೆ ಮತ್ತು ರಸ್ತೆಗಳ ಪ್ರಶ್ನೆಗಾಗಿಯೇ ಒಂದು ಪರಿಷತ್ತು ಸೇರಿತು. ಇಳಕಲ್ಲಿಗೆ ಹೊಂದಿದ ನಿಜಾಮರ ಸೀಮೆಯಲ್ಲಿ ಬೇರೊಂದು ಉಪಾಯ ಹೂಡಿದರು: 1932ರಲ್ಲಿ ನಿಜಾಮ ಸರಕಾರದ ರೇಲ್ವೆಯೇ 27 ಬಸ್ಸುಗಳನ್ನು ಕೊಂಡು ತಾನೇ ಓಡಿಸಿತು. ವೈರಿಯನ್ನು ಗೆಲ್ಲುವುದಕ್ಕಿಂತ ಮನೆಯೊಳಗೆ ಕರೆದುಕೊಳ್ಳುವುದು ಲೇಸೆಂಬ ಜಾಣತನ ಅದರಲ್ಲಿತ್ತು.

ರೇಲ್ವೆಯ ವಾದದಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾಗದು. ಹಳಿ ಹಾಸಲು ಕೋಟಿಗಟ್ಟಲೆ ಹಣ ಬಿದ್ದಿತ್ತು. ಬರ ಬಂದಾಗ ಕಾಳು ತರುವುದು, ಹತ್ತಿಯ ಅಂಡಿಗೆಗಳನ್ನು ಅಗ್ಗದ ದರದಲ್ಲಿ ಸಾಗಿಸುವುದು ರೇಲ್ವೆಯ ಹೊಣೆ. ಬಸ್ಸಿನವನಾದರೋ ಲಾಭದ ದಾರಿಯನ್ನಷ್ಟೇ ಆರಿಸಿಕೊಳ್ಳುತ್ತಾನೆ, ಮಳೆಗಾಲದಲ್ಲಿ ಕೆಸರಾದರೆ ನಿಲ್ಲಿಸುತ್ತಾನೆ. ಹಳ್ಳಿಯ ಜನರನ್ನು ಸ್ಟೇಶನ್ನಿಗೆ ತಂದು ಬಿಡುವ ಬಸ್ಸು ರೇಲ್ವೆಗೆ ಸ್ನೇಹಿತ. ಸ್ಟೇಶನ್ನನ್ನು ದಾಟಿಸಿ ನೇರವಾಗಿ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಒಯ್ಯುವ ಬಸ್ಸು ಶತ್ರು. ತೊಡಕು ಇದ್ದದ್ದು ಇಲ್ಲಿಯೇ. ಬಾಗಲಕೋಟೆಯಲ್ಲಿ ಗಂಟು ಇಳಿಸಿ, ಗಾಡಿಗಾಗಿ ಕಾದು, ಮತ್ತೆ ಏರಿಸುವ ಕಷ್ಟ ಬೇಡವೆಂಬುದು ಇಳಕಲ್ಲಿನ ಸೀರೆ ವ್ಯಾಪಾರಿಯ ಬಯಕೆ. ಅವನಿಗೆ ಬೇಕಾದದ್ದು ರೇಲ್ವೆಗೆ ಬೇಡವಾದ ಬಸ್ಸೇ ಆಗಿತ್ತು.

ಈ ವ್ಯಾಜ್ಯವನ್ನು ತೂಗಲು 1939ರ ಮೋಟಾರು ವಾಹನ ಕಾಯಿದೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳನ್ನು ನಿಲ್ಲಿಸಿತು. ಬಸ್ಸಿಗೆ ಪರವಾನಿಗೆ ಕೊಡುವ ಮುನ್ನ ಸಾರ್ವಜನಿಕರ ಹಿತ, ಉಳಿಯುವ ಸಮಯ, ರಸ್ತೆಯ ಸ್ಥಿತಿ, ಇದ್ದ ಸೌಕರ್ಯ ಸಾಲುವುದೋ ಇಲ್ಲವೋ ಎಂಬುದನ್ನೆಲ್ಲ ಪ್ರಾಧಿಕಾರ ನೋಡಬೇಕು. ದಾರಿಯ ಮೇಲಿನ ಪುರಸಭೆಯಂಥ ಸ್ಥಾನಿಕ ಸಂಸ್ಥೆ ಮನವಿ ಸಲ್ಲಿಸಿದರೆ ಅದನ್ನೂ, ಮೊದಲೇ ಸಾರಿಗೆ ನಡೆಸುತ್ತಿರುವವರ ಆಕ್ಷೇಪಣೆಯನ್ನೂ ಪರಿಶೀಲಿಸಬೇಕು. ಇನ್ನೊಂದು ಕಲಮಿನಲ್ಲಿ, ರೇಲ್ವೆ ಮತ್ತು ರಸ್ತೆಗಳ ನಡುವೆ ಹೊಂದಾಣಿಕೆ ತಂದು ನಷ್ಟದ ಪೈಪೋಟಿಯನ್ನು ತಡೆಯುವ ಅಧಿಕಾರ ಪ್ರಾಂತ ಸರಕಾರಕ್ಕೆ ಇತ್ತು. ಸಾರಿಗೆಯ ಉದ್ಯಮದಲ್ಲಿ ಹಣಕಾಸಿನ ಹಿತವುಳ್ಳವನು ಪ್ರಾಧಿಕಾರದಲ್ಲಿ ಕೂಡ್ರಬಾರದೆಂಬ ನಿಯಮವೂ ಸೇರಿತ್ತು. ಕಾಗದದ ಮೇಲೆ ಸಣ್ಣ ಊರಿನ ಪುರಸಭೆಗೂ ದೊಡ್ಡ ರೇಲ್ವೆಗೂ ಒಂದೇ ಕಟ್ಟೆ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಶನ್ ಆಯಿತು, ಬಸ್ಸುಗಳ ಬೆನ್ನಿಗೆ ಇದ್ದಲಿನ ಗ್ಯಾಸಿನ ಒಲೆ ಏರಿತು, ವ್ಯಾಜ್ಯ ಕೆಲಕಾಲ ತಾನೇ ತಣ್ಣಗಾಯಿತು.

ಸ್ವಾತಂತ್ರ್ಯದ ನಂತರ ಪ್ರಶ್ನೆಯ ರೂಪವೇ ಬದಲಾಯಿತು. ರೇಲ್ವೆ ಸರಕಾರದ್ದಾಗಿತ್ತು, ಇನ್ನು ಬಸ್ಸನ್ನೂ ಸರಕಾರವೇ ನಡೆಸಬೇಕೆಂಬ ವಿಚಾರ ಬಲಿಯಿತು. 1948ರ ಜೂನ 1ರಂದು ಪುಣೆ ಮತ್ತು ಅಹಮದನಗರಗಳ ನಡುವೆ ಮುಂಬಯಿ ರಾಜ್ಯದ ಮೊದಲ ಸರಕಾರಿ ಬಸ್ಸು ಓಡಿತು. ಅದೇ ವರ್ಷದ ಸೆಪ್ಟೆಂಬರ 12ರಂದು ಮೈಸೂರು ಸರಕಾರವೂ 120 ಬಸ್ಸುಗಳಿಂದ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ವಿಜಾಪುರ ಜಿಲ್ಲೆ ಆಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ವಿಧಾನಸಭೆಯಲ್ಲಿ ಕಂಠಿಯವರು ಹುನಗುಂದದ ಪ್ರತಿನಿಧಿಯಾಗಿ ಕುಳಿತರು, 1952ರಿಂದ 1956ರವರೆಗೆ ಅದರ ಉಪಸಭಾಧ್ಯಕ್ಷರೂ ಆಗಿದ್ದರು. ಮರಾಠಿ, ಗುಜರಾತಿ, ಕನ್ನಡ ಮಾತಿನ ಸದಸ್ಯರು ತುಂಬಿದ ಆ ದೊಡ್ಡ ಸಭೆಯಲ್ಲಿ ಕನ್ನಡ ಸೀಮೆಯ ಒಬ್ಬ ವಕೀಲರು ಆ ಪೀಠಕ್ಕೆ ಸಂದದ್ದು ಕಡಿಮೆ ಮಾತಲ್ಲ.

1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹೊಸ ಮೈಸೂರು ರಾಜ್ಯದ ವಿಧಾನಸಭೆ ಕಂಠಿಯವರನ್ನು ಸಭಾಧ್ಯಕ್ಷರನ್ನಾಗಿ ಆರಿಸಿತು. 1962ರವರೆಗೆ ಆ ಪೀಠ ಅವರದಾಯಿತು. ಇಲ್ಲಿ ಒಂದು ಕಠಿಣವಾದ ಸಂಗತಿಯಿದೆ. ಸಭಾಧ್ಯಕ್ಷರಾದವರು ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ. ಮತಗಳು ಸಮಸಮವಾದಾಗಲ್ಲದೆ ಮತ ಹಾಕುವಂತಿಲ್ಲ. ಐದು ವರ್ಷಗಳ ಕಾಲ ಹುನಗುಂದ ತಾಲೂಕು ಸಭೆಗೆ ತನ್ನ ನಾಯಕನನ್ನು ಕಳಿಸಿತ್ತು, ಆದರೆ ಸಭೆಯಲ್ಲಿ ಆ ತಾಲೂಕಿನ ದನಿ ಕೇಳುವಂತಿರಲಿಲ್ಲ. ರಸ್ತೆ, ಸೇತುವೆ, ಬಸ್ಸುಗಳ ಬೇಡಿಕೆಗಳನ್ನು ನೆರೆಯ ತಾಲೂಕುಗಳ ಸದಸ್ಯರು ಎದ್ದು ನಿಂತು ಕೇಳಬಹುದಾಗಿತ್ತು. ಕಂಠಿಯವರು ಅವರಿಗೆ ಮಾತನಾಡಲು ಅವಕಾಶ ಕೊಡುವವರಷ್ಟೇ ಆಗಿದ್ದರು. ಪೀಠದ ಗೌರವಕ್ಕೆ ಮತಕ್ಷೇತ್ರ ತೆರುವ ಈ ಬೆಲೆಯನ್ನು ಯಾರೂ ಲೆಕ್ಕ ಇಡುವುದಿಲ್ಲ.

ಆ ವರ್ಷಗಳು ಬಸ್ಸಿನ ಕಾನೂನಿಗೆ ಅತ್ಯಂತ ಬಿಸಿಯಾದ ವರ್ಷಗಳು. ಉತ್ತರ ಪ್ರದೇಶದ ಸಾರಿಗೆ ಕಾಯಿದೆಯನ್ನು ಸುಪ್ರೀಂ ಕೋರ್ಟು 1954ರಲ್ಲಿ ತಳ್ಳಿಹಾಕಿತ್ತು. 1956ರಲ್ಲಿ ಮೋಟಾರು ವಾಹನ ಕಾಯಿದೆಗೆ ಹೊಸದೊಂದು ಅಧ್ಯಾಯ ಸೇರಿ, ಸರಕಾರಿ ಸಾರಿಗೆ ಸಂಸ್ಥೆ ಒಂದು ಯೋಜನೆ ಪ್ರಕಟಿಸಿ, ಖಾಸಗಿ ಬಸ್ಸಿನವರ ಆಕ್ಷೇಪಣೆಗಳನ್ನು ಸರಕಾರ ಕೇಳಿ, ಅನಂತರವೇ ದಾರಿಯನ್ನು ತನ್ನದಾಗಿಸಿಕೊಳ್ಳಬೇಕೆಂದು ಗೊತ್ತಾಯಿತು. ಆದರೆ ಕೇಳುವವರು ಯಾರು? ಆಂಧ್ರದಲ್ಲಿ ಕಾರ್ಯದರ್ಶಿ ಕೇಳಿದರು, ಮುಖ್ಯಮಂತ್ರಿ ತೀರ್ಮಾನಿಸಿದರು. ಒಬ್ಬರು ಕೇಳಿ ಇನ್ನೊಬ್ಬರು ತೀರ್ಪು ಕೊಡುವುದು ನ್ಯಾಯವಲ್ಲವೆಂದು ಸುಪ್ರೀಂ ಕೋರ್ಟು 1958ರಲ್ಲಿ ಅದನ್ನು ರದ್ದುಗೊಳಿಸಿತು. ಮರುವರ್ಷ ಬೆಂಗಳೂರಿನ ಬಳಿಯ ಆನೇಕಲ್ಲು ಭಾಗದ ಯೋಜನೆ ಬಂದಾಗ ಮೈಸೂರಿನ ಮುಖ್ಯಮಂತ್ರಿಯೇ ಬಸ್ ಮಾಲೀಕರ ಆಕ್ಷೇಪಣೆಗಳನ್ನು ಕೇಳಿದರು. ಅವರು ಜಮಖಂಡಿಯ ಬಿ. ಡಿ. ಜತ್ತಿಯವರು. ಮಾಲೀಕರು ಪಕ್ಷಪಾತದ ಆರೋಪ ಹೊರಿಸಿ ಸುಪ್ರೀಂ ಕೋರ್ಟಿಗೆ ಹೋದರು. 1960ರಲ್ಲಿ ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ಒಂದೇ ಜಿಲ್ಲೆಯ ಇಬ್ಬರು ವಕೀಲರು ಒಂದೇ ಕಾಲದಲ್ಲಿ ಹೀಗೆ ಕೇಳುವ ಪೀಠಗಳಲ್ಲಿದ್ದರು: ಒಬ್ಬರು ಬಸ್ಸಿನವರ ಅಹವಾಲನ್ನು ಕೇಳಿ ತೀರ್ಮಾನಿಸಬೇಕಾಗಿತ್ತು, ಇನ್ನೊಬ್ಬರು ಸಭೆಯ ಅಹವಾಲನ್ನೆಲ್ಲ ಕೇಳಿಯೂ ಏನನ್ನೂ ಹೇಳುವಂತಿರಲಿಲ್ಲ. 1961ರ ಆಗಸ್ಟ 1ರಂದು ಸಾರಿಗೆ ಇಲಾಖೆ ಹೋಗಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿದಾಗಲೂ ಕಂಠಿಯವರು ಸಭಾಧ್ಯಕ್ಷರೇ ಆಗಿದ್ದರು.

1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಕಾಂಗ್ರೆಸ್ ಶಾಸಕರು ಕಂಠಿಯವರನ್ನು ನಾಯಕರನ್ನಾಗಿ ಆರಿಸಿದರು, ಮಾರ್ಚ 14ರಂದು ಅವರು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರು ತಮ್ಮ ಸ್ಥಾನ ತೆರವು ಮಾಡಿದರು. ನಿಜಲಿಂಗಪ್ಪನವರು ಅಲ್ಲಿಂದ ಆರಿಸಿ ಬಂದರು. ಜೂನ 20ರಂದು ಕಂಠಿಯವರು ಅಧಿಕಾರ ಬಿಟ್ಟುಕೊಟ್ಟರು. ಮೂರು ತಿಂಗಳಿಗೆ ಕೆಲವೇ ದಿನ ಹೆಚ್ಚು. ಜನ ಅವರನ್ನು ರಾಮನ ಪಾದುಕೆ ಕಾಯ್ದ ಭರತನಿಗೆ ಹೋಲಿಸಿದರು. ಹೋಲಿಕೆ ಚೆಂದವಾಗಿದ್ದರೂ ಪೂರ್ಣ ಸರಿಯಲ್ಲ. ಭರತನಿಗೆ ಸಿಂಹಾಸನದ ಆಸೆಯೇ ಇರಲಿಲ್ಲವೆಂದು ಕಥೆ ಹೇಳುತ್ತದೆ. ಕಂಠಿಯವರ ಮುಂದೆ ಇದ್ದದ್ದು ಕಥೆಯಲ್ಲ, ನಡೆಯುತ್ತಿರುವ ಸರಕಾರ. ಹತ್ತು ವರ್ಷ ತಟಸ್ಥ ಪೀಠಗಳಲ್ಲಿ ಕುಳಿತ ಮೇಲೆ ತಮ್ಮ ಸೀಮೆಗಾಗಿ ಕೈಯಾರೆ ಮಾಡುವ ಅಧಿಕಾರ ಮೊದಲ ಸಲ ಬಂದಿತ್ತು. ಬಿಡದೆ ಹಿಡಿದವರನ್ನು ಆ ಕಾಲ ಕಾಣದೆ ಇರಲಿಲ್ಲ. ಕೊಟ್ಟ ಮಾತಿನ ಅವಧಿ ಮುಗಿಯಿತೆಂದು ಅವರು ಎದ್ದರು, ಬಿಟ್ಟ ಕುರ್ಚಿಯ ಕೆಳಗಿನ ಕುರ್ಚಿಯಲ್ಲಿ ಸಂಕೋಚವಿಲ್ಲದೆ ಕುಳಿತರು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಆ ಕುರ್ಚಿ ಶಿಕ್ಷಣ ಮಂತ್ರಿಯದು. ಶಾಲೆಯ ಜನಕ್ಕೆ ಕಂಠಿಯವರು ಹೆಚ್ಚಾಗಿ ನೆನಪಿರುವುದು ಈ ಕಾಲದಿಂದಲೇ. 1963ರ ಸೆಪ್ಟೆಂಬರದಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದದ್ದರ ಹಿಂದೆ ಅವರ ಪ್ರಯತ್ನವಿತ್ತು. ಬೆಂಗಳೂರಿಗೋ ಮೈಸೂರಿಗೋ ಹೋಗಬಹುದಾಗಿದ್ದ ಸಂಸ್ಥೆಯೊಂದು ಬರದ ಜಿಲ್ಲೆಗೆ ಬಂತು. ನಮ್ಮ ಸೀಮೆಯ ರೈತರ, ನೇಕಾರರ ಮಕ್ಕಳು ಅಲ್ಲಿಂದ ಸೈನ್ಯದ ಅಧಿಕಾರಿಗಳಾದರು. ಇನ್ನುಳಿದ ಶಾಲೆಗಳ ಮಾತು ಬಂದಾಗ ಮತ್ತೆ ಬಸ್ಸಿನ ಮಾತೇ ಬರುತ್ತದೆ. ಮಠದ ಪ್ರಸಾದ ನಿಲಯದಲ್ಲಿ ಇರಲಾಗದ ಹಳ್ಳಿಯ ಹುಡುಗ ಹೈಸ್ಕೂಲು ಕಲಿಯಬೇಕಾದರೆ ಬೆಳಿಗ್ಗೆ ಒಂದು ಬಸ್ಸು ಬರಬೇಕು, ಸಂಜೆ ಒಂದು ಬಸ್ಸು ಹೋಗಬೇಕು. ಹೆಣ್ಣುಮಕ್ಕಳ ಮಟ್ಟಿಗಂತೂ ಸಂಜೆಯ ಬಸ್ಸು ತಪ್ಪುವ ಊರಿನಲ್ಲಿ ಕಲಿಕೆ ಏಳನೆಯ ಇಯತ್ತೆಗೆ ನಿಲ್ಲುತ್ತಿತ್ತು. ಶಾಲೆ ತೆರೆಯುವುದು ಶಿಕ್ಷಣ ಖಾತೆಯ ಕೆಲಸ, ಅಲ್ಲಿಗೆ ಮುಟ್ಟಿಸುವುದು ಬೇರೆ ಖಾತೆಯ ಕೆಲಸ. ಎರಡೂ ಕೂಡಿದ ಊರುಗಳಲ್ಲಷ್ಟೇ ಅಕ್ಷರ ಬೆಳೆಯಿತು.

1967ರಲ್ಲಿಯೂ ಹುನಗುಂದ ಅವರನ್ನೇ ಆರಿಸಿತು. 1969ರ ಡಿಸೆಂಬರದಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ ಕಂಠಿಯವರು ಲಿಂಗೈಕ್ಯರಾದರು. ನಾಲ್ಕು ವರ್ಷಗಳ ಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಬಸ್ಸುಗಳ ಮೇಲಿನ ಹೆಸರೂ ಬದಲಾಯಿತು. ಆಲಮಟ್ಟಿಯ ಹಿನ್ನೀರು ಬಂದು ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು ಮುಳುಗಿದವು, ಜನ ನವನಗರಕ್ಕೆ ಏರಿದರು. ಹಳೆಯ ಮೀಟರ್‌ಗೇಜ್ ಹೋಗಿ ಅಗಲವಾದ ಹಳಿ ಬಂದಿತು. 1997ರಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಹೊಸ ಜಿಲ್ಲೆಯಾಗಿ ಕೂಡಿದವು. ಅದೇ ವರ್ಷದ ನವೆಂಬರದಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ರೂಪುಗೊಂಡಿತು. ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಸರಕಾರಿ ಬಸ್ಸು ಅಂದಿನಿಂದ ಅದರದಾಯಿತು.