ಸೂಜಿ ಬಿಟ್ಟು ಕತ್ತರಿ ಹಿಡಿದ ಕಣ್ಣಿನ ವೈದ್ಯ ಜಾಕ್ ದಾವಿಯೆಲ್

ಕಣ್ಣಿಗೆ ಪೊರೆ ಬಂದಿದೆ ಅಂತ ನಾವು ಹೇಳುತ್ತೇವಲ್ಲ, ಆ ಪದದೊಳಗೇ ಒಂದು ಹಳೇ ತಪ್ಪು ತಿಳಿವಳಿಕೆ ಇದೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕಣ್ಣಿನ ಮೇಲೆ ಏನೋ ಒಂದು ಪದರ ಕಟ್ಟುತ್ತದೆ, ಅದನ್ನು ಕೆರೆದು ತೆಗೆದರೆ ಆಯಿತು ಎಂಬ ಭಾವನೆ ನಮ್ಮ ಹಿರಿಯರಲ್ಲಿ ಈಗಲೂ ಇದೆ. ಅವರನ್ನು ದೂರುವ ಹಾಗಿಲ್ಲ. ಯುರೋಪಿನ ದೊಡ್ಡ ದೊಡ್ಡ ವೈದ್ಯರೇ ಶತಮಾನಗಳ ಕಾಲ, ಕಣ್ಣಿನ ಮಸೂರದ ಮುಂದೆ ಒಂದು ತೆರೆ ಬೀಳುತ್ತದೆ ಅಂತ ನಂಬಿದ್ದರು. 1705ರಲ್ಲಿ ಬ್ರಿಸ್ಸೊ ಎಂಬ ಫ್ರೆಂಚ್ ವೈದ್ಯ ಸತ್ತ ಸೈನಿಕನೊಬ್ಬನ ಕಣ್ಣನ್ನು ಕೊಯ್ದು ನೋಡಿದಾಗ ವಿಷಯ ಗೊತ್ತಾಯಿತು. ಅಲ್ಲಿ ತೆರೆಯೂ ಇಲ್ಲ, ಪದರವೂ ಇಲ್ಲ, ಒಳಗಿನ ಮಸೂರವೇ ಮಬ್ಬಾಗಿದೆ.

ಹಾಗಾದರೆ ಆ ಮಬ್ಬಾದ ಮಸೂರವನ್ನೇ ಹೊರಗೆ ತೆಗೆಯಬಹುದಲ್ಲ? ಇದನ್ನು ಮಾಡಿ ತೋರಿಸಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಮಾಡಿದವರು ಜಾಕ್ ದಾವಿಯೆಲ್. ಇವತ್ತು ಪೊರೆಯ ಆಪರೇಷನ್ ಮಾಡುವ ಯಾವ ಡಾಕ್ಟರನ್ನು ಕೇಳಿದರೂ ಈ ಹೆಸರು ಗೊತ್ತಿರುತ್ತದೆ.

ದಾವಿಯೆಲ್ ಹುಟ್ಟಿದ್ದು 1693ರಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಆ ಕಾಲದಲ್ಲಿ ಶಸ್ತ್ರವೈದ್ಯ ಅಂದರೆ ಈಗಿನ ಹಾಗೆ ಗೌರವದ ಹುದ್ದೆಯಲ್ಲ. ಪುಸ್ತಕ ಓದಿದ ವೈದ್ಯರದ್ದು ಒಂದು ಸಾಲಾದರೆ, ಚಾಕು ಹಿಡಿಯುವವರು ಕ್ಷೌರಿಕರ ಜೊತೆಗಿನ ಸಾಲಿನವರು. ದಾವಿಯೆಲ್ ರುವಾನ್ ಪಟ್ಟಣದಲ್ಲಿ ಶಸ್ತ್ರವೈದ್ಯರಾಗಿದ್ದ ಸಂಬಂಧಿಕರ ಕೈಕೆಳಗೆ ಕೆಲಸ ಕಲಿತು, ಆಮೇಲೆ ಪ್ಯಾರಿಸಿನ ಆಸ್ಪತ್ರೆ ಸೇರಿದರು.

1720ರಲ್ಲಿ ಫ್ರಾನ್ಸಿನ ದಕ್ಷಿಣದ ಬಂದರು ಮಾರ್ಸೇಯ್‌ಗೆ ಪ್ಲೇಗ್ ಬಂತು. ಇದರ ಕಥೆಯನ್ನು ವ್ಯಾಪಾರಿಗಳಾದ ನಾವು ಸ್ವಲ್ಪ ನಿಧಾನವಾಗಿ ಓದಬೇಕು. ಪೂರ್ವದ ಕಡೆಯಿಂದ ರೇಷ್ಮೆ, ಹತ್ತಿ ಹೊತ್ತು ಬಂದ ಹಡಗಿನಲ್ಲಿ ದಾರಿಯಲ್ಲೇ ಜನ ಸತ್ತಿದ್ದರು. ಹಡಗನ್ನು ಪೂರ್ತಿ ಅವಧಿ ದೂರ ನಿಲ್ಲಿಸಬೇಕಿತ್ತು. ಆದರೆ ಹತ್ತಿರದಲ್ಲೇ ದೊಡ್ಡ ಜಾತ್ರೆ ಇತ್ತು, ಸರಕು ಅಷ್ಟರೊಳಗೆ ಮಾರುಕಟ್ಟೆಗೆ ಇಳಿಯಬೇಕಿತ್ತು. ಇಳಿಯಿತು. ಸುಮಾರು 90 ಸಾವಿರ ಜನರಿದ್ದ ಊರಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು. ಓಡಿ ಹೋಗಲು ಸಾಧ್ಯವಿದ್ದವರೆಲ್ಲ ಓಡಿದರು. 27 ವರ್ಷದ ದಾವಿಯೆಲ್ ಮಾತ್ರ ಪ್ಯಾರಿಸಿನಿಂದ ಆ ಊರಿನ ಕಡೆಗೇ ಹೊರಟರು, ಸ್ವಂತ ಇಚ್ಛೆಯಿಂದ. ಬದುಕಿ ಉಳಿದರು. ಆ ಸೇವೆಗಾಗಿ ಅವರಿಗೆ ಮಾರ್ಸೇಯ್‌ನಲ್ಲಿ ಶಸ್ತ್ರವೈದ್ಯರಾಗಿ ನೆಲೆಸುವ ಅವಕಾಶ ಸಿಕ್ಕಿತು. ಕೆಲವು ವರ್ಷಗಳಲ್ಲಿ ಕಣ್ಣಿನ ಕೆಲಸವೇ ಅವರ ಮುಖ್ಯ ಕೆಲಸವಾಯಿತು.

ಆಗ ಪೊರೆಗೆ ಇದ್ದ ಚಿಕಿತ್ಸೆ ಒಂದೇ, ಸೂಜಿ. ಕಣ್ಣಿನ ಬಿಳಿ ಭಾಗದಿಂದ ಸೂಜಿ ಒಳಗೆ ಹಾಕಿ, ಮಬ್ಬಾದ ಮಸೂರವನ್ನು ಕೆಳಕ್ಕೆ ಅದುಮಿ ಬಿಡುವುದು. ದಾರಿಗೆ ಅಡ್ಡ ಇರುವ ಕಲ್ಲನ್ನು ಪಕ್ಕದ ಗುಂಡಿಗೆ ತಳ್ಳಿದ ಹಾಗೆ. ನಮ್ಮ ದೇಶದಲ್ಲೂ ಇದು ಬಹಳ ಹಳೆಯದು, ಸುಶ್ರುತ ಸಂಹಿತೆಯಲ್ಲೇ ಇದರ ವಿವರ ಇದೆ. ಸುಮಾರು 1000ನೇ ಇಸವಿಯ ಹೊತ್ತಿಗೆ ಕೈರೋದಲ್ಲಿದ್ದ ಮೋಸುಲ್ ಮೂಲದ ಅಮ್ಮಾರ್ ಬಿನ್ ಅಲಿ ಎಂಬ ಕಣ್ಣಿನ ವೈದ್ಯರು ಒಂದು ಹೆಜ್ಜೆ ಮುಂದೆ ಹೋಗಿ, ಟೊಳ್ಳು ಸೂಜಿಯಿಂದ ಮೆತ್ತಗಿನ ಪೊರೆಯನ್ನು ಹೀರಿ ತೆಗೆಯುವುದನ್ನು ಬರೆದಿಟ್ಟಿದ್ದರು. ಆದರೆ ಆ ದಾರಿ ಹೆಚ್ಚು ಮುಂದುವರಿಯಲಿಲ್ಲ. ಸೂಜಿ ಚಿಕಿತ್ಸೆಯ ಮೋಸ ಏನೆಂದರೆ, ಮಾಡಿದ ಕೂಡಲೇ ರೋಗಿಗೆ ಬೆಳಕು ಕಾಣುತ್ತದೆ. ಸುತ್ತ ನಿಂತವರೆಲ್ಲ ಭಲೇ ಅನ್ನುತ್ತಾರೆ. ಕೆಲವು ದಿನ ಕಳೆದ ಮೇಲೆ ಅದುಮಿದ ಮಸೂರ ಮತ್ತೆ ಮೇಲೆ ಬರಬಹುದು, ಕಣ್ಣು ಕೆಂಪಾಗಿ ಕೀವು ಕಟ್ಟಬಹುದು, ಒಳಗಿನ ಒತ್ತಡ ಏರಿ ಇದ್ದ ದೃಷ್ಟಿಯೂ ಹೋಗಬಹುದು.

ಅಷ್ಟರಲ್ಲಿ ವೈದ್ಯ ಮುಂದಿನ ಊರಿನಲ್ಲಿರುತ್ತಿದ್ದ! ಆ ಕಾಲದ ಜಾನ್ ಟೇಲರ್ ಎಂಬ ಇಂಗ್ಲಿಷಿನವನು ಕಣ್ಣುಗಳ ಚಿತ್ರ ಬರೆಸಿದ ಗಾಡಿಯಲ್ಲಿ ಊರೂರು ತಿರುಗುತ್ತಿದ್ದ. ಜನ ಸೇರಿಸಿ ಭಾಷಣ ಮಾಡಿ, ಸೂಜಿ ಹಾಕಿ, ಪಟ್ಟಿ ಕಟ್ಟಿ, ಪಟ್ಟಿ ಬಿಚ್ಚುವ ಮೊದಲೇ ಊರು ಬಿಡುತ್ತಿದ್ದ. ಜರ್ಮನಿಯ ಮಹಾ ಸಂಗೀತಗಾರ ಬಾಖ್ 1750ರಲ್ಲಿ ಇವನ ಕೈಯಲ್ಲೇ ಎರಡು ಸಲ ಆಪರೇಷನ್ ಮಾಡಿಸಿಕೊಂಡು, ದೃಷ್ಟಿ ಪೂರ್ತಿ ಕಳೆದುಕೊಂಡು, ಅದೇ ಜುಲೈಯಲ್ಲಿ ತೀರಿಕೊಂಡರು.

ದಾವಿಯೆಲ್ ಕೂಡ ವರ್ಷಗಟ್ಟಲೆ ಸೂಜಿಯನ್ನೇ ಹಿಡಿದವರು. ವ್ಯತ್ಯಾಸ ಏನೆಂದರೆ ಅವರು ಅದೇ ಊರಿನಲ್ಲಿ ಇದ್ದರು. ತಮ್ಮ ರೋಗಿಗಳಿಗೆ ಆಮೇಲೆ ಏನಾಯಿತು ಎಂಬುದು ಅವರ ಕಣ್ಣೆದುರೇ ಇತ್ತು. 1745ರಲ್ಲಿ ಒಬ್ಬ ಸನ್ಯಾಸಿಯ ಕಣ್ಣಿಗೆ ಸೂಜಿ ಹಾಕಿದಾಗ ಮಸೂರ ಕೆಳಕ್ಕೆ ಹೋಗುವ ಬದಲು ಒಡೆದು, ಚೂರುಗಳು ಮುಂದಕ್ಕೆ ಬಂದವು. ಸೂಜಿಯಿಂದ ಏನೂ ಮಾಡುವಂತಿರಲಿಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಭಾಗವನ್ನು, ಅಂದರೆ ಕಾರ್ನಿಯಾವನ್ನು, ಕೆಳಗಡೆಯಿಂದ ಕೊಯ್ದು ಚೂರುಗಳನ್ನು ಹೊರಗೆ ತೆಗೆದರು. ಅದು ಮೊದಲೇ ಯೋಚಿಸಿ ಮಾಡಿದ್ದಲ್ಲ, ಬೇರೆ ದಾರಿ ಇಲ್ಲದೆ ಮಾಡಿದ್ದು. ಆದರೆ ತಳ್ಳುವುದಕ್ಕಿಂತ ತೆಗೆಯುವುದೇ ಸರಿಯಲ್ಲವೇ ಎಂಬ ಯೋಚನೆ ಅಲ್ಲಿಂದ ಗಟ್ಟಿಯಾಯಿತು. 1747ರಲ್ಲಿ ಪ್ಯಾರಿಸಿನಲ್ಲಿ, ಕೃತಕ ಕೂದಲು ತಯಾರಿಸುವ ಒಬ್ಬ ಕೆಲಸಗಾರನ ಕಣ್ಣಿಗೆ ಸೂಜಿ ಫಲ ಕೊಡದಾಗ ಮಸೂರವನ್ನೇ ಹೊರಗೆ ತೆಗೆದರು. ಕ್ರಮೇಣ ಸೂಜಿಯ ಪದ್ಧತಿಯನ್ನೇ ಬಿಟ್ಟುಬಿಟ್ಟರು.

ಆ ಆಪರೇಷನ್ ಹೇಗಿತ್ತು ಅಂತ ಓದಿದರೆ ಮೈ ಜುಂ ಅನ್ನುತ್ತದೆ. ಮರಗಟ್ಟಿಸುವ ಮದ್ದು ಇಲ್ಲ, ಅದು ಬಂದದ್ದು 1884ರಲ್ಲಿ. ರೋಗಿ ಕುರ್ಚಿಯಲ್ಲಿ ಕೂತಿರಬೇಕು, ಹಿಂದಿನಿಂದ ಸಹಾಯಕ ತಲೆಯನ್ನು ಎದೆಗೆ ಒತ್ತಿ ಹಿಡಿದಿರಬೇಕು. ಕಾರ್ನಿಯಾದ ಕೆಳ ಅಂಚಿನಲ್ಲಿ ಚೂಪು ಚಾಕುವಿನಿಂದ ತೂತು, ಇನ್ನೊಂದು ಚಾಕುವಿನಿಂದ ಅದನ್ನು ಅಗಲ ಮಾಡುವುದು, ಆಮೇಲೆ ಬಾಗಿದ ಸಣ್ಣ ಕತ್ತರಿಯಿಂದ ಎಡಕ್ಕೂ ಬಲಕ್ಕೂ ಕತ್ತರಿಸುವುದು. ಚಿನ್ನದ ಪುಟ್ಟ ಚಮಚದಂಥ ಸಾಧನದಿಂದ ಆ ಭಾಗವನ್ನು ಕಿಟಕಿಯ ಹಾಗೆ ಎತ್ತಿ, ಮಸೂರದ ಚೀಲವನ್ನು ಸೀಳಿ, ಕಣ್ಣುಗುಡ್ಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮಬ್ಬಾದ ಮಸೂರ ಹೊರಗೆ ಬರುತ್ತಿತ್ತು. ಹೊಲಿಗೆ ಇಲ್ಲ. ಕಿಟಕಿಯನ್ನು ಸ್ವಸ್ಥಾನಕ್ಕೆ ಕೂರಿಸಿ ಪಟ್ಟಿ ಕಟ್ಟಿ, ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಅಲ್ಲಾಡದೆ ಮಲಗಿಸುವುದು.

1749ರಲ್ಲಿ ದಾವಿಯೆಲ್ ದೊರೆ ಹದಿನೈದನೇ ಲೂಯಿಯ ಕಣ್ಣಿನ ವೈದ್ಯರಾದರು. ಅರಮನೆಯ ಹೆಸರು ಸಿಕ್ಕಿತಲ್ಲ, ಅಷ್ಟರಲ್ಲೇ ಸುಮ್ಮನಿರಬಹುದಿತ್ತು. ಆದರೆ 1752ರಲ್ಲಿ ಅವರು ಪ್ಯಾರಿಸಿನ ಶಸ್ತ್ರವೈದ್ಯರ ಅಕಾಡೆಮಿಯ ಮುಂದೆ ತಮ್ಮ ಪದ್ಧತಿಯನ್ನು ಇಟ್ಟರು, ಲೆಕ್ಕದ ಸಮೇತ. ಮಾಡಿದ್ದು 206, ಫಲಿಸಿದ್ದು 182. ಬಿ.ಕಾಂ. ಓದಿ ಅಂಗಡಿ ಲೆಕ್ಕ ಬರೆಯುವವನಾದ ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಈ ಎರಡು ಸಂಖ್ಯೆ. ಹೇಳದೇ ಉಳಿದ 24 ಕೂಡ ಅದರಲ್ಲೇ ಇದೆಯಲ್ಲ! ನಷ್ಟವನ್ನು ಪುಸ್ತಕದಿಂದ ಹೊರಗಿಟ್ಟು ಲಾಭ ಮಾತ್ರ ತೋರಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ, ಟೇಲರನ ಗಾಡಿಯೂ ಅದೇ. ದಾವಿಯೆಲ್ ತಮ್ಮ ಉಪಕರಣಗಳನ್ನೂ, ಕೊಯ್ಯುವ ಕ್ರಮವನ್ನೂ ಗುಟ್ಟು ಮಾಡಲಿಲ್ಲ, ಎಲ್ಲವನ್ನೂ ಅಚ್ಚು ಹಾಕಿಸಿದರು. ಓದಿದವರು ತಿದ್ದಿದರು. ಲಂಡನ್ನಿನ ಸ್ಯಾಮ್ಯುಯೆಲ್ ಶಾರ್ಪ್ ಮರುವರ್ಷವೇ ಅಷ್ಟೆಲ್ಲ ಸಾಧನ ಬೇಡ, ಒಂದೇ ಚಾಕು ಸಾಕು ಅಂತ ಮಾಡಿದರು.

ವಿರೋಧ ಇರಲಿಲ್ಲ ಅಂತಲ್ಲ. ಸೂಜಿಯೇ ಮೇಲು ಅಂತ ವಾದಿಸುವವರು ಮುಂದಿನ ನೂರು ವರ್ಷವೂ ಇದ್ದರು. ಅವರ ವಾದದಲ್ಲೂ ಸ್ವಲ್ಪ ಹುರುಳಿತ್ತು, ಯಾಕೆಂದರೆ ಅಷ್ಟು ದೊಡ್ಡ ಗಾಯ ಹೊಲಿಗೆ ಇಲ್ಲದೆ ಕೂಡಿಕೊಳ್ಳಬೇಕಿತ್ತು, ಕೈ ತೊಳೆಯಬೇಕು ಎಂಬ ಅರಿವೂ ಆಗ ಇರಲಿಲ್ಲ.

ಮಸೂರ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕೇ ಬೇಕಿತ್ತು. ಸೋಡಾ ಬಾಟಲಿಯ ತಳದಂಥ ಆ ಕನ್ನಡಕ ಹಾಕಿದ ಅಜ್ಜಂದಿರನ್ನು ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ನೋಡಿದ್ದೇವೆ. ಕಣ್ಣಿನೊಳಗೇ ಕೃತಕ ಮಸೂರ ಇಡುವುದು ಶುರುವಾದದ್ದು 1949ರಲ್ಲಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ ಅವರಿಂದ. ಈಗ ಎರಡು ಮೂರು ಮಿಲಿಮೀಟರ್ ಗಾಯ ಸಾಕು. ಒಳಗೆ ಪುಡಿ ಮಾಡಿ ಹೀರಿ ತೆಗೆಯುತ್ತಾರೆ, ಸಂಜೆಗೆ ಮನೆ. ಆದರೆ ದಾವಿಯೆಲ್ ಮಸೂರವನ್ನು ಹೊರಗೆ ತೆಗೆದು ಅದರ ಚೀಲದ ಹಿಂಭಾಗವನ್ನು ಕಣ್ಣಿನಲ್ಲೇ ಬಿಟ್ಟಿದ್ದರಲ್ಲ, ಇವತ್ತು ಹೊಸ ಮಸೂರ ಕೂರುವುದು ಅದೇ ಚೀಲದಲ್ಲಿ.

ಇಷ್ಟಾದರೂ ನಮ್ಮ ಮಂಜೇಶ್ವರ, ಉಪ್ಪಳ ಕಡೆಯ ಮನೆಗಳಲ್ಲಿ ಉಮ್ಮಂದಿರು ಪೊರೆ ಇನ್ನೂ ಬಲಿಯಲಿ ಅಂತ ವರ್ಷಗಟ್ಟಲೆ ಕಾಯುವುದುಂಟು. ಅದು ಹಳೇ ಪದ್ಧತಿಯ ಲೆಕ್ಕ, ಗಟ್ಟಿಯಾದ ಮಸೂರ ಇಡಿಯಾಗಿ ಹೊರಬರಲಿ ಎಂಬ ಕಾರಣಕ್ಕೆ ಕಾಯುತ್ತಿದ್ದರು. ಈಗ ಕಾದಷ್ಟೂ ಮಸೂರ ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದೆ, ತೀರಾ ಬಲಿತರೆ ಕಣ್ಣಿನ ಒತ್ತಡವೂ ಏರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಪೊರೆ ಬೇಗ ಬರುತ್ತದೆ, ಅಂಥವರು ನರದ ಪರದೆಯನ್ನೂ ಜೊತೆಗೇ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅಡುಗೆಮನೆಯಲ್ಲಿ, ಮೆಟ್ಟಿಲಲ್ಲಿ ತಡವರಿಸುವ ಹಾಗಾಯಿತು ಅಂದರೆ ಡಾಕ್ಟರಿಗೆ ತೋರಿಸುವ ಹೊತ್ತು ಅಂತಲೇ ಅರ್ಥ.

ದಾವಿಯೆಲ್ ಕೊನೆಯವರೆಗೂ ಊರೂರು, ದೇಶ ದೇಶ ತಿರುಗಿ ಕಣ್ಣು ನೋಡಿದರು. ಕಡೆಗೆ ಗಂಟಲಿನ ಕಾಯಿಲೆ ಬಂತು. ತ್ರೊಂಶಾ ಎಂಬ ಹೆಸರಾಂತ ವೈದ್ಯರಿಗೆ ತೋರಿಸಲೆಂದು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು, ಗುಣವಾಗಲಿಲ್ಲ. 1762ರ ಸೆಪ್ಟೆಂಬರ್ 30ರಂದು ಅಲ್ಲೇ ತೀರಿಕೊಂಡರು. ಊರಿನ ಪಕ್ಕದ ಗ್ರಾಂ ಸಾಕೊನೆ ಎಂಬ ಹಳ್ಳಿಯಲ್ಲಿ ಅವರನ್ನು ಮಣ್ಣು ಮಾಡಿದರು.